ಯಾರೂ ಸವಾಲು ಕೂಗದ ಗದ್ದೆ

ದುರ್ಗಿಗುಡಿ, ಶಿವಮೊಗ್ಗ
೯ ನವೆಂಬರ್ ೨೦೨೫, ಭಾನುವಾರ

ನನ್ನ ಯೋಗೂ, ಮಗನೇ,

ಹೇಗಿದ್ದೀಯಪ್ಪಾ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಹುಣ್ಣಾಗಿದೆ ಎಂದಿದ್ದೆಯಲ್ಲ, ಒಣಗಿತೇ? ಒಣಗದಿದ್ದರೆ ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಹಾಕಿ ಬಿಸಿ ಮಾಡಿ ಹಚ್ಚಿಕೋ. ಪೊಲೀಸಿನವನು ಕಾಲಿಗೆ ಅರಿಶಿನ ಹಚ್ಚಿಕೊಂಡು ಕೂತರೆ ಜೊತೆಯವರು ನಗುತ್ತಾರೆ ಎಂದು ಸುಮ್ಮನಿರಬೇಡ. ನಗುವವರ ಕಾಲಲ್ಲೂ ಅದೇ ಬೂಟು ತಾನೇ ಇರುವುದು? ಕಲಬುರಗಿಯಲ್ಲಿ ಕಾರ್ತೀಕದಲ್ಲೂ ಮಧ್ಯಾಹ್ನದ ಬಿಸಿಲು ಸುಡುತ್ತದಂತೆ. ಬಂದೋಬಸ್ತಿಗೆ ನಿಲ್ಲಿಸಿದ ಕಡೆ ನೆರಳಿದೆಯೋ ಇಲ್ಲವೋ, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೋ ಇಲ್ಲವೋ. ಇಲ್ಲಿ ನಾನು ಚೆನ್ನಾಗಿದ್ದೇನೆ. ಪೊರೆ ತೆಗೆದ ಮೇಲೆ ಒಂದು ಕಣ್ಣು ನಿಚ್ಚಳವಾಗಿದೆ, ಎದುರು ಮನೆಯ ಗೋಡೆಯ ಬಿರುಕು ಕೂಡ ಕಾಣುತ್ತದೆ. ನಿನ್ನ ತಂಗಿ ಕವನ ಬೆಳಿಗ್ಗೆ ನನಗೆ ಗಂಜಿ ಕೊಟ್ಟು, ಕಣ್ಣಿಗೆ ಹನಿ ಬಿಟ್ಟು, ಗಾಂಧಿ ಬಜಾರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಆಮೇಲೆ ಸಂಜೆಯ ತನಕ ಈ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಅವಳು ಬರೆದುಕೊಡುತ್ತೇನೆ ಎಂದಳು. ಬೇಡ ಎಂದೆ. ಅಕ್ಷರ ದಪ್ಪ, ಸಾಲು ಸೊಟ್ಟ, ಆದರೂ ಇದು ನನ್ನ ಕೈಯಿಂದಲೇ ನಿನಗೆ ಬರಬೇಕು.

ನಿನ್ನ ಜೊತೆ ಟ್ರೈನಿಂಗ್ ಮಾಡಿದ ಭದ್ರಾವತಿಯ ಸುದೀಪ್ ರಜೆ ಮುಗಿಸಿ ನಾಳೆ ರೈಲು ಹತ್ತುತ್ತಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನೀನು "ಡ್ಯೂಟೀಲಿದ್ದೀನಿ ಅಜ್ಜಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ತಪ್ಪು ನಿನ್ನದಲ್ಲ, ನಿನ್ನ ಕೆಲಸ ಹಾಗೆ. ಆದರೆ ಗೌರಿ ಹಬ್ಬಕ್ಕೆ ಬಂದಿದ್ದಾಗ ನೀನೊಂದು ಮಾತು ಕೇಳಿದ್ದೆ. ಆ ದಿನ ಊಟದ ಹೊತ್ತಿಗೆ ನಿನ್ನ ಅಪ್ಪ ಪುಟ್ಟಪ್ಪ ಅರಣ್ಯ ಇಲಾಖೆಯ ನೋಟಿಸನ್ನು ನಿನ್ನ ತಟ್ಟೆಯ ಪಕ್ಕ ಇಟ್ಟು, "ನೋಡು, ನಾವು ಕಾಡು ಒತ್ತುವರಿ ಮಾಡಿರೋರಂತೆ. ನಾಳೆ ನಿನ್ನೋರೇ ಲಾಠಿ ಹಿಡ್ಕೊಂಡು ಬರ್ತಾರೆ" ಎಂದ. ನೀನು "ಕಾನೂನು ಅಂದ್ಮೇಲೆ ಕಾನೂನು ಅಪ್ಪ. ಕಾಗದ ಇಲ್ಲ ಅಂದ್ರೆ ನಾನೇನ್ ಮಾಡ್ಲಿ?" ಎಂದೆ. ಅವನು ತಟ್ಟೆ ಬಿಟ್ಟು ಎದ್ದ. ನೀನು ಕೈ ತೊಳೆದು ಜಗಲಿಗೆ ಬಂದು ನನ್ನ ಪಕ್ಕ ಕೂತು, ಸಿಟ್ಟಿಲ್ಲದೆ, ನಿಜವಾಗಿ ತಿಳಿಯದೆ ಕೇಳಿದೆ: "ಅಜ್ಜಿ, ನಮ್ದು ನಮ್ದು ಅಂತೀಯಲ್ಲ, ಆ ಗದ್ದೆ ಹೆಂಗೆ ನಮ್ದು?" ಅಷ್ಟು ದೊಡ್ಡ ಮಾತಿಗೆ ಜಗಲಿಯಲ್ಲಿ ಕೂತು ಎಲ್ಲಿಂದ ಶುರು ಮಾಡಲಿ? ಮರುದಿನ ನೀನು ಹೊರಟುಹೋದೆ. ಈಗ ಹೇಳುತ್ತೇನೆ, ನಿಧಾನವಾಗಿ ಓದು.

ನನ್ನ ಅಪ್ಪ ಹುಲಿಯಪ್ಪನನ್ನು ನೀನು ನೋಡಿಲ್ಲ, ನೋಡಲು ಒಂದು ಫೋಟೋ ಕೂಡ ಇಲ್ಲ. ಕುಳ್ಳ ಮನುಷ್ಯ, ಮಾತು ಕಡಿಮೆ. ಪಟೇಲ ವೀರಪ್ಪನವರ ಮನೆಯ ಮುಂದೆ ಹಾದುಹೋಗುವಾಗ ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದವನು. ಭದ್ರಾವತಿಯಿಂದ ಕಾಡಿನ ಕಡೆಗೆ ನಡೆದರೆ ಸಿಗುವ ನಮ್ಮ ನೆಲ್ಲಿಹಕ್ಕಲಿನಲ್ಲಿ ಆಗ ಇದ್ದದ್ದು ಬೆರಳೆಣಿಕೆಯ ಮನೆಗಳು. ಅಪ್ಪನ ಅಜ್ಜನ ಕಾಲದಲ್ಲಿ ಊರಿಗೂ ಕಾಡಿಗೂ ನಡುವೆ ಬೇಲಿಯೂ ಇರಲಿಲ್ಲ, ಕಲ್ಲೂ ಇರಲಿಲ್ಲವಂತೆ. ದನಗಳು ಬೆಳಿಗ್ಗೆ ತಾವೇ ಹೋಗಿ ಸಂಜೆ ತಾವೇ ಬರುತ್ತಿದ್ದವು. ಗದ್ದೆಗೆ ಗೊಬ್ಬರದ ಸೊಪ್ಪು, ಒಲೆಗೆ ಸೌದೆ, ಮನೆಯ ಮಾಡಿಗೆ ಬಿದಿರು, ಯಾವುದಕ್ಕೂ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಆಮೇಲೆ ಯಾರೋ ಬಂದು ಸರಪಳಿ ಎಳೆದು ಅಳೆದರು, ಸಾಲಾಗಿ ಕಲ್ಲು ನೆಟ್ಟರು. ಕಲ್ಲಿನ ಈಚೆ ಊರು, ಆಚೆ ಸರ್ಕಾರದ ಕಾಡು, ರಿಜರ್ವು. ಅಲ್ಲಿಂದ ಮುಂದೆ ದನ ಮೇಯಿಸಲು ಪಾಸು, ತಲೆಹೊರೆ ಸೌದೆಗೂ ಪಾಸು, ಪಾಸಿಲ್ಲದೆ ಹೋದರೆ ಕತ್ತಿಯನ್ನೇ ಕಿತ್ತುಕೊಳ್ಳುವುದು. ಗದ್ದೆಯ ಕಂದಾಯ ಬೇರೆ ಸರ್ವೆ ಆದಾಗಲೆಲ್ಲ ಏರುತ್ತಿತ್ತು. ಸೊಪ್ಪಿಲ್ಲದೆ ಬೆಳೆ ಇಳಿದಿದೆ, ಕಂದಾಯ ಮಾತ್ರ ಏರಿದೆ. ಅದರ ಮೇಲೆ ದೊಡ್ಡ ಯುದ್ಧ ಬಂತು. ಯಾವ ದೇಶದಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದರೋ ನಮಗೇನು ಗೊತ್ತು? ನಮಗೆ ಗೊತ್ತಾದದ್ದು ಲೆವಿ. ಕಣದಲ್ಲಿ ರಾಶಿ ಹಾಕಿದ ಭತ್ತವನ್ನು ತಾಲ್ಲೂಕಿನ ಅಮಲ್ದಾರರ ಕಡೆಯವರು ಬಂದು, ಅವರೇ ಗೊತ್ತು ಮಾಡಿದ ಬೆಲೆಗೆ ಅಳೆದುಕೊಂಡು ಹೋಗುತ್ತಿದ್ದರು. ಬೆಳೆದವರ ಮನೆಯಲ್ಲಿ ಜ್ಯೇಷ್ಠದ ಹೊತ್ತಿಗೆ ಅಕ್ಕಿ ಇಲ್ಲ. ಅವ್ವ ಬಿದಿರಕ್ಕಿಯ ಗಂಜಿ ಕಾಯಿಸುತ್ತಿದ್ದಳು. ಅದೂ ಕಲ್ಲಿನ ಆಚೆಯದು, ಕದ್ದು ತಂದದ್ದು.

ಒಂದು ದಿನ ಕಂದಾಯ ಕಟ್ಟಲು ಹೋದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದ. ನನಗೆ ಹತ್ತು ವರ್ಷವಿರಬಹುದು. ಅಪ್ಪ ಅದೇನು ಮನಸ್ಸಿಗೆ ಬಂತೋ, ಪಟೇಲರನ್ನು ಕೇಳಿದ: "ಬುದ್ಧಿ, ಈ ದುಡ್ಡು ಎಲ್ಲಿಗೆ ಹೋಗ್ತದೆ?" ಪಟೇಲರು, "ಮಹಾರಾಜ್ರಿಗೆ ಕಣೋ" ಎಂದರು. "ಮಹಾರಾಜ್ರು ಇದ್ನ ಏನ್ ಮಾಡ್ತಾರೆ?" "ಇಂಗ್ಲಿಷ್ನೋರಿಗೆ ವರ್ಷಾ ವರ್ಷಾ ಕಪ್ಪ ಕಟ್ಟಬೇಕು, ಗೊತ್ತಿಲ್ವ?" "ಅವ್ರು ಯಾರಿಗೆ ಕಟ್ತಾರೆ ಬುದ್ಧಿ?" ಪಟೇಲರು ಬಾಯಿತುಂಬ ನಕ್ಕರು. "ಅವ್ರು ಯಾರಿಗ್ಯಾಕೋ ಕಟ್ತಾರೆ? ಹೋಗೋ, ದನ ಕಾಯೋಗು" ಎಂದರು. ಬರುವ ದಾರಿಯಲ್ಲಿ ಹಳ್ಳ ದಾಟುವಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ತನಗೆ ತಾನೇ ಎಂಬಂತೆ, "ಎಲ್ಲಾರೂ ಇನ್ನೊಬ್ರಿಗೆ ಕೊಡ್ತಾರೆ, ಕೊನೇಗಿರೋನು ಮಾತ್ರ ಯಾರಿಗೂ ಕೊಡಲ್ಲ" ಎಂದ.

ಅಷ್ಟಾದರೂ ಅಪ್ಪ ಸುಮ್ಮನೇ ಇದ್ದನೇನೋ. ಆದರೆ ಕೆಂದಿ ಹೋಯಿತು. ಕೆಂದಿ ನಮ್ಮ ಕೆಂಪು ಹಸು, ಕರು ಹಾಕಿ ಇನ್ನೂ ತಿಂಗಳಾಗಿರಲಿಲ್ಲ. ಆ ವರ್ಷ ಪಾಸು ಮಾಡಿಸಲು ಆಗಿರಲಿಲ್ಲ. ಕಲ್ಲಿನ ಆಚೆ ಹುಲ್ಲು ಹಸಿರಾಗಿತ್ತು. ಹಸುವಿಗೆ ರಿಜರ್ವು ಎಂದರೆ ಏನು ಗೊತ್ತು? ಗಾರ್ಡು ಹಿಡಿದು ಭದ್ರಾವತಿಯ ದೊಡ್ಡಿಗೆ ಅಟ್ಟಿಕೊಂಡು ಹೋದ. ಬಿಡಿಸಿಕೊಳ್ಳಲು ದಂಡ ಕಟ್ಟಬೇಕು, ಕಟ್ಟುವವರೆಗಿನ ಮೇವಿನ ಖರ್ಚು ಬೇರೆ. ಅಪ್ಪ ಅಲ್ಲಿ ಇಲ್ಲಿ ಅಲೆದು ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಹರಾಜಾಗಿತ್ತು. ಕರುವಿಗೆ ಅವ್ವ ಗಂಜಿಯ ತಿಳಿಯನ್ನು ಬೆರಳಲ್ಲಿ ನೆಕ್ಕಿಸಿ ನೋಡಿದಳು, ಉಳಿಯಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ನಾನೂ ಅಪ್ಪನೂ ಭದ್ರಾವತಿಯ ಸಂತೆಗೆ ಹೋಗಿದ್ದೆವು. ಹಳೇ ಊರಿನ ಒಂದು ಮನೆಯ ಮುಂದೆ ಕೆಂದಿಯನ್ನು ಕಟ್ಟಿದ್ದರು. ಅದು ನಮ್ಮನ್ನು ನೋಡಿ ಕೂಗಿತು ಯೋಗು. ಹಗ್ಗ ಜಗ್ಗಿಕೊಂಡು ಕೂಗಿತು. ಮನೆಯವರು ಹೊರಗೆ ಬಂದು ಯಾರು ಏನು ಎಂದು ನೋಡತೊಡಗಿದರು. ಅವರದ್ದೇನೂ ತಪ್ಪಿಲ್ಲ, ಹರಾಜಿನಲ್ಲಿ ಕೊಂಡವರು. ಅಪ್ಪ ನನ್ನ ಕೈ ಹಿಡಿದು ಎಳೆದುಕೊಂಡು ನಡೆದುಬಿಟ್ಟ. ಆ ಕೂಗು ಬೀದಿಯ ತಿರುವಿನವರೆಗೂ ಬಂತು. ನನ್ನ ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಲವತ್ತೆರಡರ ಆಗಸ್ಟಿನಲ್ಲಿ ಎಲ್ಲ ಕಡೆ ಚಳವಳಿ ಎದ್ದಿತು. ಈ ಶಿವಮೊಗ್ಗದಲ್ಲಿ, ಈಗ ಗಾಂಧಿ ಬಜಾರ್ ಎನ್ನುವ ಬೀದಿಯಲ್ಲಿ, ಭಾಷಣ ಇದೆಯೆಂದು ಕೇಳಿ ಅಪ್ಪ ನಡೆದುಕೊಂಡೇ ಹೋದ. ಮುಂಡಾಸು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ! ಭಾಷಣ ಮಾಡಿದವರು ಯಾರೆಂದು ಅವನಿಗೆ ಕೊನೆಯವರೆಗೂ ಹೆಸರು ಗೊತ್ತಿರಲಿಲ್ಲ. ಆದರೆ ಅವರಾಡಿದ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ: "ನಿಮ್ಮನ್ನು ಕೇಳದೆ ನಿಮ್ಮಿಂದ ತೆಗೆದುಕೊಳ್ಳುವ ಸರ್ಕಾರ ನಿಮ್ಮದಲ್ಲ." ಅರಳಿಕಟ್ಟೆಯಲ್ಲಿ ಊರವರನ್ನೆಲ್ಲ ಕೂರಿಸಿ ಅದನ್ನೇ ಹೇಳಿದ. ಆಮೇಲೆ ತನ್ನ ಮಾತು ಸೇರಿಸಿದ: "ತಿನ್ನೋ ಭತ್ತ ಅಳೆದು ಕೊಡ್ತೀವಿ, ದನ ಮೇಯ್ಸೋಕೆ ಚೀಟಿ ತರ್ತೀವಿ, ಸತ್ತೋರ್ನ ಸುಡೋ ಸೌದೆಗೂ ಅಪ್ಪಣೆ ಕೇಳ್ತೀವಿ. ನಮ್ಮ ಊರಲ್ಲಿ ನಾವೇನ್ ಬಾಡಿಗೆಗೆ ಇದ್ದೀವಾ?" ಹೆಂಗಸರು ದೂರದಲ್ಲಿ ನಿಂತಿದ್ದರು. ಮೊದಲು "ನಾವು ಕೊಡಲ್ಲ" ಎಂದು ಕೂಗಿದ್ದು ನನ್ನ ಅವ್ವ. ಗಂಡಸರು ತಿರುಗಿ ನೋಡಿದರು. ಆಮೇಲೆ ಎಲ್ಲರೂ ಕೂಗಿದರು. ಕಂದಾಯ ಕೊಡುವುದಿಲ್ಲ, ಪಾಸು ಮಾಡಿಸುವುದಿಲ್ಲ, ಲೆವಿ ಅಳೆಯುವುದಿಲ್ಲ. ಮರುದಿನ ಎಲ್ಲರೂ ಸೇರಿ ಹೆಂಡದ ಗುತ್ತಿಗೆಯ ಈಚಲು ಮರಗಳನ್ನು ಕಡಿದು ಹಾಕಿದರು, ಊರ ಬದಿಯ ಒಂದು ಗಡಿಕಲ್ಲನ್ನು ಕಿತ್ತು ತಂದರು. ಅವ್ವ ಅದನ್ನು ಬಾವಿಯ ಹತ್ತಿರ ಹಾಕಿಸಿಕೊಂಡು ಬಟ್ಟೆ ಒಗೆದಳು. ದನಗಳನ್ನು ಹೊಡೆದುಕೊಂಡು ಕಾಡಿಗೆ ಹೋದೆವು. ದಾರಿಯಲ್ಲಿ ನಾನು "ಅಪ್ಪಾ, ಸ್ವತಂತ್ರ ಅಂದ್ರೆ ಏನು?" ಎಂದು ಕೇಳಿದ್ದಕ್ಕೆ, "ಯಾರ ಅಪ್ಪಣೇನೂ ಇಲ್ದೆ ದನ ಮೇಯ್ಸೋದು ಕಣವ್ವ" ಎಂದ. ನಗಬೇಡ. ಓದಿದವರು ಇದಕ್ಕಿಂತ ಉದ್ದವಾಗಿ ಹೇಳಬಹುದು, ಆದರೆ ನನಗೆ ಅರ್ಥವಾದದ್ದು ಅದೇ.

ಈಸೂರಿನಲ್ಲಿ ಆ ವರ್ಷ ಏನಾಯಿತೆಂದು ನೀನು ಶಾಲೆಯಲ್ಲಿ ಓದಿದ್ದೀಯ. ಆ ಸುದ್ದಿ ಬಂದ ಮೇಲೆ ಸುತ್ತಿನ ಊರುಗಳಿಗೆಲ್ಲ ಪೊಲೀಸರು ನುಗ್ಗಿದರು. ನಮ್ಮಲ್ಲಿ ಯಾರೂ ಯಾರ ಮೈಮೇಲೂ ಕೈ ಮಾಡಿರಲಿಲ್ಲ. ಆದರೂ ಗಂಡಸರನ್ನು ಅರಳಿಕಟ್ಟೆಯ ಮುಂದೆ ಸಾಲಾಗಿ ಕೂರಿಸಿ ಹೊಡೆದರು. ಅಪ್ಪನ ಬಲಮೊಣಕಾಲು ಆವತ್ತೇ ಹೋಯಿತು. ಕಂದಾಯದ ಬಾಕಿಗೆಂದು ಮನೆ ಜಪ್ತಿ ಮಾಡಿದರು. ಹಂಡೆ, ಕೊಳಗ, ನೇಗಿಲು, ಬಿತ್ತನೆಗೆ ಇಟ್ಟಿದ್ದ ಭತ್ತ. ಒಲೆಯ ಮೇಲೆ ಮುದ್ದೆಗೆ ಎಸರು ಕಾಯುತ್ತಿತ್ತು. ಒಬ್ಬ ಪೇದೆ ಆ ನೀರನ್ನು ಒಲೆಗೇ ಚೆಲ್ಲಿ ಪಾತ್ರೆ ಎತ್ತಿಕೊಂಡ. ಚಿಕ್ಕ ವಯಸ್ಸಿನವನು, ನಮ್ಮ ಕಡೆಯದೇ ಮಾತು. ಅವ್ವ ಅವನ ತೋಳು ಹಿಡಿದು, "ನಿಮ್ಮನೇಲೂ ಅವ್ವ ಇದ್ದಾಳೇನಪ್ಪ?" ಎಂದಳು. ಅವನು, "ನನ್ನ ಕೈಲಿ ಏನೂ ಇಲ್ಲ ತಾಯಿ" ಎಂದ. ಅವನ ಎರಡೂ ಕೈಯಲ್ಲಿ ನಮ್ಮ ಪಾತ್ರೆ ಇತ್ತು. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಎಷ್ಟೋ ವರ್ಷ ಇತ್ತು. ನೀನು ಖಾಕಿ ಹಾಕಿಕೊಂಡು ಬಂದು ನನ್ನ ಕಾಲಿಗೆ ಬಿದ್ದೆಯಲ್ಲ, ಆವತ್ತು ಹೋಯಿತು. ನಿನ್ನ ಹಾಗೆಯೇ ಅವನೂ ಯಾರದ್ದೋ ಮನೆಯ ಮೊಮ್ಮಗ, ಸಂಬಳಕ್ಕೆ ಸೇರಿದವನು ಎಂದುಕೊಂಡೆ.

ಅಪ್ಪನನ್ನು ಶಿವಮೊಗ್ಗದ ಜೈಲಿಗೆ ಹಾಕಿದರು. ಅವ್ವನೂ ನಾನೂ ನಡೆದುಕೊಂಡು ಬಂದು ಬಾಗಿಲ ಹೊರಗೆ ನಿಂತೆವು. ಒಳಗೆ ಬಿಡಲಿಲ್ಲ. ತಂದಿದ್ದ ರೊಟ್ಟಿ ತೆಗೆದುಕೊಂಡರು, ಅದು ಅಪ್ಪನಿಗೆ ಸಿಗಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅಪ್ಪ ಒಳಗಿರುವಾಗಲೇ ಗದ್ದೆಯನ್ನು ಹರಾಜಿಗೆ ಇಟ್ಟರು. ಮಗನೇ, ಇದನ್ನು ಮಾತ್ರ ಎರಡು ಸಲ ಓದು. ತಮಟೆ ಹೊಡೆದು ಸಾರಿದರು. ಚಾವಡಿಯ ಮುಂದೆ ಜನ ಸೇರಿದ್ದರು, ಆಸುಪಾಸಿನ ಊರಿನ ಅನುಕೂಲಸ್ಥರೂ ಬಂದಿದ್ದರು. ಅಮಲ್ದಾರರು "ಹುಲಿಯಪ್ಪನ ಗದ್ದೆ, ಯಾರು ಸವಾಲು ಕೂಗ್ತೀರಿ?" ಎಂದು ಕೇಳಿದರು. ಒಬ್ಬರೂ ಬಾಯಿ ತೆರೆಯಲಿಲ್ಲ. ಮತ್ತೆ ಕೇಳಿದರು. ಪಟೇಲ ವೀರಪ್ಪನವರಿಗೆ ಆ ಗದ್ದೆಯ ಮೇಲೆ ಮೊದಲಿಂದ ಕಣ್ಣಿತ್ತು, ಅವರದಕ್ಕೆ ಹೊಂದಿಕೊಂಡೇ ಇತ್ತು. ಅವರೂ ಮಾತಾಡಲಿಲ್ಲ. ತಲೆ ತಗ್ಗಿಸಿ ಉಂಗುರ ತಿರುಗಿಸುತ್ತ ಕೂತಿದ್ದರು. ಜೈಲಿಗೆ ಹೋದವನ ಅನ್ನ ನಾವು ಕೊಳ್ಳುವುದಿಲ್ಲ ಎಂದು ಸುತ್ತಿನ ಊರುಗಳೆಲ್ಲ ಮಾತಾಡಿಕೊಂಡಿದ್ದವು. ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು, ಹೆಮ್ಮೆಗೆ. ನಾವು ಗೆದ್ದೆವೆಂದೇ ತಿಳಿದೆವು. ಅಮಲ್ದಾರರು ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿದರು, ಅವನು ಏನೋ ಬರೆದುಕೊಂಡ, ಎದ್ದು ಹೋದರು. ಯಾರೂ ಕೂಗದ ಕಾರಣ ಗದ್ದೆಯನ್ನು ಸರ್ಕಾರವೇ ಇಟ್ಟುಕೊಂಡಿತೆಂದು ಆವತ್ತು ನಮಗೆ ಗೊತ್ತಾಗಲಿಲ್ಲ. ಆಮೇಲೆ ಯಾವಾಗಲೋ ಅದನ್ನು ಕಲ್ಲಿನ ಆಚೆಯ ಕಾಡಿನ ಲೆಕ್ಕಕ್ಕೆ ಸೇರಿಸಿಬಿಟ್ಟರು. ಪಟೇಲರು ಅವತ್ತು ದುರಾಸೆ ಪಟ್ಟು ಕೊಂಡಿದ್ದರೆ ಕಾಲಿಗೆ ಬಿದ್ದಾದರೂ, ಜೀತ ಮಾಡಿಯಾದರೂ ಬಿಡಿಸಿಕೊಳ್ಳಬಹುದಿತ್ತು. ನಮ್ಮವರ ನಿಯತ್ತೇ ನಮಗೆ ಮುಳುವಾಯಿತು. ಇದಕ್ಕೆ ಯಾರನ್ನು ಬೈಯಲಿ ಹೇಳು?

ಅಪ್ಪ ಹೊರಗೆ ಬಂದ ಮೇಲೆ ಸರ್ಕಾರದವರು ಗದ್ದೆಗೆ ಇಳಿಯಲು ಬಿಡಲಿಲ್ಲ. ಭದ್ರಾವತಿಗೆ ಬಂದೆವು. ಕಬ್ಬಿಣದ ಕಾರ್ಖಾನೆಯ ಕಡೆ ಸೌದೆ ಇಳಿಸುವ ಕೂಲಿ ಸಿಕ್ಕಿತು. ತನ್ನ ಕಾಡಿನ ಮರವನ್ನೇ ಅಪ್ಪ ಕುಂಟುತ್ತ ಗಾಡಿಯಿಂದ ಇಳಿಸುತ್ತಿದ್ದ. ಸಾಲುಮನೆಯಲ್ಲಿ ಒಂದು ಕೋಣೆ. ಆ ಕಡೆ ತಮಿಳಿನವರು, ಈ ಕಡೆ ತೆಲುಗಿನವರು, ನಡುವೆ ನಾವು. ಪಕ್ಕದ ಮನೆಯ ತಮಿಳಿನ ಹೆಂಗಸು ನನ್ನನ್ನೂ ತನ್ನ ಮಗಳ ಜೊತೆ ಶಾಲೆಗೆ ಅಟ್ಟಿದಳು. ನಾಲ್ಕನೇ ಕ್ಲಾಸಿನ ತನಕ ಓದಿದೆ. ಗದ್ದೆ ಹೋದದ್ದರಿಂದ ನನಗೆ ಅಕ್ಷರ ಬಂತು, ಇಲ್ಲದಿದ್ದರೆ ಈ ಕಾಗದ ಬರೆಯುತ್ತಲೇ ಇರಲಿಲ್ಲ. ನಲವತ್ತೇಳರ ಆಗಸ್ಟಿನಲ್ಲಿ ಬಾವುಟ ಹಾರಿಸಿ ಮಿಠಾಯಿ ಹಂಚಿದರು. ಮೈಸೂರು ಸಂಸ್ಥಾನದ ನಮಗೆ ಪ್ರಜಾಸರ್ಕಾರ ಸಿಗಲು ಇನ್ನೂ ಹೋರಾಡಬೇಕಾಯಿತು, ಅಪ್ಪ ಆ ಮೆರವಣಿಗೆಗೂ ಕುಂಟಿಕೊಂಡೇ ಹೋದ. ಅದೂ ಆದ ಮೇಲೆ ಒಂದು ಬೆಳಿಗ್ಗೆ, "ಈಗ ನಮ್ದೇ ಸರ್ಕಾರ, ನಡೀರಿ ಮನೆಗೆ" ಎಂದ. ಸಾಲುಮನೆ ಬಿಟ್ಟು ನೆಲ್ಲಿಹಕ್ಕಲಿಗೆ ಬಂದು ಬೀಳುಬಿದ್ದ ಗದ್ದೆಗೆ ನೇಗಿಲು ಹೂಡಿದ. ಯಾರೂ ತಡೆಯಲಿಲ್ಲ. ಊರವರೇ ಬೀಜದ ಭತ್ತ ಕೊಟ್ಟರು.

ಮೊದಲ ಬೆಳೆ ಬಂದಾಗ ಅಪ್ಪ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಮುಂಡಾಸನ್ನು ತಲೆಯ ಮೇಲೇ ಸುತ್ತಿಕೊಂಡು, ಕಂದಾಯದ ದುಡ್ಡನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡು ಶಾನುಭೋಗರ ಮುಂದೆ ಹೋಗಿ ನಿಂತ. ಯಾರೂ ಕೇಳಿರಲಿಲ್ಲ, ತಾನೇ ಹೋದದ್ದು. "ನಮ್ಮ ಸರ್ಕಾರಕ್ಕೆ ನಾನು ಕೊಡಬೇಕು" ಎಂದು. ಶಾನುಭೋಗರು ಪುಸ್ತಕ ತಿರುವಿ ನೋಡಿ, "ಹುಲಿಯಪ್ಪ, ನಿನ್ನ ಹೆಸರಲ್ಲಿ ಜಮೀನೇ ಇಲ್ವಲ್ಲೋ. ಯಾವುದಕ್ಕೆ ಅಂತ ಕಂದಾಯ ತಗೊಳ್ಳಲಿ?" ಎಂದರು. ಕೊಡುವುದಿಲ್ಲ ಎಂದದ್ದಕ್ಕೆ ಕಾಲು ಮುರಿಸಿಕೊಂಡವನು, ಕೊಡುತ್ತೇನೆ ಎಂದು ಕೈಚಾಚಿ ನಿಂತಿದ್ದ, ತೆಗೆದುಕೊಳ್ಳುವವರಿಲ್ಲ. ಮುಂದಿನ ಸುಗ್ಗಿಗೂ ಹೋದ. ಅದರ ಮುಂದಿನದಕ್ಕೂ. ಸಾಯುವ ವರ್ಷದವರೆಗೂ ಪಂಚೆಯ ತುದಿಗೆ ಗಂಟು ಹಾಕಿಕೊಂಡು ಹೋಗುವುದು, ಹಾಗೆಯೇ ವಾಪಸ್ಸು ಬರುವುದು. ನಿನ್ನ ತಾತ ನಮ್ಮ ಮನೆಗೆ ಅಳಿಯನಾಗಿ ಬಂದವರು, ಪಾಪ, ಒಮ್ಮೆ ಮೆಲ್ಲಗೆ, "ಯಾಕ್ ಮಾವ ಸುಮ್ನೆ ಹೋಗ್ತೀರ?" ಎಂದು ಕೇಳಿದರು. "ತಗೊಂಡ್ರೆ ನಾನು ಈ ಊರೋನು ಅಂತ ಆಗ್ತದೆ" ಎಂದ ಅಪ್ಪ. ಅವನು ಹೋದ ಮೇಲೆ ನಿನ್ನ ತಾತ ಅರ್ಜಿ ಕೊಟ್ಟರು. ಅವರು ಹೋದ ಮೇಲೆ ನಿನ್ನ ಅಪ್ಪ ಕೊಟ್ಟ. ಪ್ರತಿ ಸಲವೂ ಒಂದೊಂದು ಕಾರಣ. ಕಾಯಿರಿ ಎಂದರು, ಕಾದೆವು. ಉಳುತ್ತಲೇ ಕಾದೆವು.

ಹೋದ ವಾರ ಕವನ ಅರ್ಧ ದಿನ ರಜೆ ಹಾಕಿ ನನ್ನನ್ನು ಇಲ್ಲಿನ ಅರಣ್ಯ ಇಲಾಖೆಯ ಆಫೀಸಿಗೆ ಕರೆದುಕೊಂಡು ಹೋಗಿದ್ದಳು. ಆ ಸಾಹೇಬರು ಒಳ್ಳೆಯವರು ಯೋಗು, ಸುಳ್ಳು ಹೇಳಬಾರದು. ಎದ್ದು ನಿಂತು ಕುರ್ಚಿ ಕೊಟ್ಟರು, ನೀರು ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, "ಅಜ್ಜಿ, ಒಂದಾದ್ರೂ ಹಳೇ ಕಂದಾಯದ ರಸೀದಿ ಇದ್ಯಾ?" ಎಂದರು. ನಾನು, "ಕೊಡಲ್ಲ ಅಂದಿದ್ದಕ್ಕೆ ಜೈಲಿಗೆ ಹಾಕಿದ್ರು ಸ್ವಾಮಿ, ಕೊಡ್ತೀವಿ ಅಂದ್ರೆ ತಗೊಳ್ಲಿಲ್ಲ. ರಸೀದಿ ಎಲ್ಲಿಂದ ತರಲಿ?" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೋರ್ಟಿನ ಆರ್ಡರ್ ಆಗಿದೆ. ನಮ್ಮ ಕೈಲಿ ಏನೂ ಇಲ್ಲ ಅಜ್ಜಿ" ಎಂದರು. ಭತ್ತ ಹಾಲುಗಟ್ಟಿದೆ, ಕೊಯ್ಲಿನವರೆಗಾದರೂ ಬಿಡಿ ಎಂದು ಕವನ ಕೈ ಮುಗಿದಳು. ಕಾಡನ್ನು ಉಳಿಸಬೇಕಲ್ಲಮ್ಮ ಎಂದರು. ಕಾಡು ಉಳಿಯಬೇಕು, ನಾನೂ ಬೇಡ ಎನ್ನುವುದಿಲ್ಲ. ಆದರೆ ಅದನ್ನು ಗಾಡಿಗಟ್ಟಲೆ ಕಡಿದು ಸಾಗಿಸಿದವರು ನಾವಲ್ಲ. ಕೊನೆಗೆ ಅವರೇ ಬಾಗಿಲವರೆಗೆ ಬಂದು ಆಟೋ ಹತ್ತಿಸಿದರು. ಬೈದು ಅಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. ಒಳ್ಳೆಯವರ ಎದುರಿಗೆ ಏನೂ ಮಾಡಲು ಬರುವುದಿಲ್ಲ. ನನ್ನ ಅಪ್ಪನಿಗೆ ಎದುರು ನಿಲ್ಲಲು ಒಂದು ಪರದೇಶದ ಸರ್ಕಾರವಾದರೂ ಇತ್ತು. ನಿನ್ನ ಅಪ್ಪನಿಗೆ ಏನಿದೆ ಹೇಳು. ಬಾವುಟ ನಮ್ಮದು, ಓಟು ನಮ್ಮದು, ಸಾಹೇಬರು ನಮ್ಮವರು, ಲಾಠಿ ಹಿಡಿಯುವ ಹುಡುಗರು ನಮ್ಮ ಹೊಟ್ಟೆಯವರು. ಯಾರಿಂದ ಸ್ವತಂತ್ರ ಕೇಳುವುದು?

ನಾಳೆಯಲ್ಲ, ಅದರ ಮುಂದಿನ ಸೋಮವಾರ, ಹದಿನೇಳಕ್ಕೆ ಜೆಸಿಬಿ ಬರುತ್ತದಂತೆ. ಪುಟ್ಟಪ್ಪ ಊಟ ಬಿಟ್ಟಿದ್ದಾನೆ. ಪೈರಿನ ನಡುವೆ ಸುಮ್ಮನೆ ನಿಂತುಬಿಡುತ್ತಾನೆ, ಕರೆದರೂ ಓಗೊಡುವುದಿಲ್ಲ ಎಂದು ನಿನ್ನ ಅವ್ವ ಫೋನಿನಲ್ಲಿ ಅತ್ತಳು. ಊರವರು ಅರಳಿಕಟ್ಟೆಯಲ್ಲಿ ಸೇರುತ್ತಿದ್ದಾರಂತೆ. ಏನು ತೀರ್ಮಾನವಾಯಿತು ಎಂದರೆ, ಸೇರಿದೆವು ಅಷ್ಟೇ ಎನ್ನುತ್ತಾರೆ. ನಾನು ಶುಕ್ರವಾರ ಊರಿಗೆ ಹೋಗುತ್ತೇನೆ. ಕಣ್ಣಿಗೆ ಧೂಳು ಬೀಳಬಾರದು ಎಂದು ಕವನ ಗದರುತ್ತಿದ್ದಾಳೆ.

ನೀನು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳಿದ್ದೇನೆ. ಇದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ನನಗೂ ಗೊತ್ತು. ನಿನ್ನ ಅಪ್ಪನಿಗೆ ಒಂದು ಫೋನ್ ಮಾಡು, ಅವನು ಎತ್ತದಿದ್ದರೆ ಮತ್ತೆ ಮಾಡು. ಅವನ ಸಿಟ್ಟು ನಿನ್ನ ಮೇಲಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ನೀರು ಹೆಚ್ಚು ಕುಡಿ. ನಿನ್ನ ಮೈಮೇಲೆ ಯಾರ ಕಲ್ಲೂ ಬೀಳದಿರಲಿ, ನಿನ್ನ ಕೈಯಿಂದ ಯಾರಿಗೂ ನೋವಾಗದಿರಲಿ. ದಿನಾ ದೀಪ ಹಚ್ಚುವಾಗ ನಾನು ಕೇಳಿಕೊಳ್ಳುವುದು ಇಷ್ಟೇ.

ನಿನ್ನ ಅಜ್ಜಿ,
ಬಂಗಾರಮ್ಮ

ಅಂದ ಹಾಗೆ: ಸುದೀಪ್ ಈಗ ತಾನೇ ಕಾಗದ ಇಸಿದುಕೊಳ್ಳಲು ಬಂದ. ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎಂದುಕೊಂಡು ಹೇಳಿದ, ಹದಿನೇಳರ ಬಂದೋಬಸ್ತಿಗೆ ನಿಮ್ಮ ತುಕಡಿಯನ್ನೇ ಇಲ್ಲಿಗೆ ವಾಪಸ್ಸು ಕರೆಸುತ್ತಿದ್ದಾರಂತೆ. ರಜೆ ಹಾಕಬೇಡ ಮಗಾ, ಜ್ವರ ಗಿರ ಎಂದು ಸುಳ್ಳು ಹೇಳಬೇಡ, ಈ ಕೆಲಸಕ್ಕೆ ನೀನು ಪಟ್ಟ ಪಾಡು ನನಗೆ ಗೊತ್ತು. ಆದರೆ ಆವತ್ತು ನಾನು ಗದ್ದೆಯ ಬದುವಿನ ಮೇಲೆ ಕೂತಿರುತ್ತೇನೆ. ಇದನ್ನು ಪುಟ್ಟಪ್ಪನಿಗೂ ಹೇಳಿಲ್ಲ, ಕವನಳಿಗೂ ಹೇಳಿಲ್ಲ. ನಾನಾಗಿ ಏಳುವುದಿಲ್ಲ. ಎತ್ತಲೇಬೇಕಾಗುತ್ತದೆ. ಗುರುತಿಲ್ಲದವರ ಕೈ ನನ್ನ ಮೈಮೇಲೆ ಬೀಳುವುದು ಬೇಡ. ಸಾಹೇಬರನ್ನು ಕೇಳಿಕೊಂಡು ನೀನೇ ಬಾ. ಎಡಗೈ ಹಿಡಿದು ಎಳೆಯಬೇಡ, ಅದು ನೋಯುತ್ತದೆ; ಬೆನ್ನಿನ ಕೆಳಗೆ ಕೈ ಕೊಟ್ಟು ಎತ್ತು. ನಾನೇನೂ ಭಾರವಿಲ್ಲ. ನೀನು ಎತ್ತಿದರೆ ನಾನು ಕೂಗಿಕೊಳ್ಳುವುದಿಲ್ಲ.